ಚಿಕ್ಕ ಗಾಯದ ಕೆಳಗೆ ತುಂಡಾದ ಟೆಂಡನ್: ಉಂಗುರ ಬೆರಳಿನ ಎರಡನೇ ವಲಯದ ಒಂದು ಪ್ರಕರಣ ಅಧ್ಯಯನ

ಕೈ ಶಸ್ತ್ರಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಎದುರಾಗುವ ಗಾಯವೊಂದರ ವಿವರಗಳನ್ನು ಕಲಿಕೆಗಾಗಿ ಒಂದೇ ಪ್ರಕರಣವಾಗಿ ಇಲ್ಲಿ ಜೋಡಿಸಲಾಗಿದೆ. ಗಾಯದ ಉದ್ದ ಒಂದೂವರೆ ಸೆಂಟಿಮೀಟರ್. ಅದನ್ನು ಸರಿಪಡಿಸಿ ಬೆರಳಿಗೆ ಕೆಲಸ ಮರಳಿ ಬರಲು ಹಿಡಿಯುವುದು ತಿಂಗಳುಗಳು. ಫಲಿತಾಂಶವನ್ನು ನಿರ್ಧರಿಸುವುದು ಎರಡು ಹೊತ್ತು: ಮರಗಟ್ಟಿಸುವ ಮದ್ದು ಚುಚ್ಚುವ ಮೊದಲಿನ ಐದು ನಿಮಿಷದ ಪರೀಕ್ಷೆ, ಮತ್ತು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ತಾನೇ ಮುಷ್ಟಿ ಕಟ್ಟಿ ಬಿಡುವ ಆ ಕೆಲವು ಕ್ಷಣ.

ರೋಗಿ ಬಂದಾಗ

ಮೂವತ್ತರ ಆಸುಪಾಸಿನ ವ್ಯಕ್ತಿ, ಬಲಗೈ ಬಳಕೆ, ತೂಕ 65 ಕಿಲೋ. ಸಕ್ಕರೆ ಕಾಯಿಲೆ ಇಲ್ಲ, ಧೂಮಪಾನದ ಅಭ್ಯಾಸ ಇಲ್ಲ. ಎಡಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ ಗಾಜಿನ ಲೋಟ ಒಡೆದು ಉಂಗುರ ಬೆರಳಿನ ಬುಡಕ್ಕೆ ಹತ್ತಿರ, ಅಂಗೈ ಕಡೆಗೆ, ಅಡ್ಡವಾಗಿ ಕೊಯ್ದಿತ್ತು. ಗಾಯ ಕಿರುಬೆರಳಿನ ಕಡೆಗೆ ಸ್ವಲ್ಪ ವಾಲಿತ್ತು. ಅದೇ ದಿನ ಒಂದು ಕಡೆ ಗಾಯ ತೊಳೆದು, ಟಿಟಿ ಚುಚ್ಚುಮದ್ದು ಕೊಟ್ಟು, ಚರ್ಮಕ್ಕೆ ಹೊಲಿಗೆ ಹಾಕಿ ಕಳಿಸಿದ್ದರು. ಚೀಟಿಯಲ್ಲಿ 'ಬೆರಳು ಮಡಚುತ್ತದೆ' ಎಂದು ಬರೆದಿತ್ತು. ನಾಲ್ಕನೇ ದಿನ ಅವರು ಕೈ ಚಿಕಿತ್ಸಾ ವಿಭಾಗಕ್ಕೆ ಬಂದಾಗ ಹೇಳಿದ್ದು ಎರಡು ತೊಂದರೆ: ಬೆರಳ ತುದಿ ಬಗ್ಗುತ್ತಿಲ್ಲ, ಕಿರುಬೆರಳಿನ ಕಡೆಯ ಪಕ್ಕ ಜೋಮು ಹಿಡಿದಂತಿದೆ.

ಚೀಟಿಯಲ್ಲಿದ್ದದ್ದು ಸುಳ್ಳಲ್ಲ, ಅಪೂರ್ಣ. ಬೆರಳನ್ನು ಮಡಚುವ ಟೆಂಡನ್‌ಗಳು (ಅಂದರೆ ಸ್ನಾಯುವನ್ನು ಮೂಳೆಗೆ ಕೂಡಿಸುವ ನಾರಿನ ಹುರಿಗಳು) ಹೆಬ್ಬೆರಳು ಬಿಟ್ಟು ಪ್ರತಿ ಬೆರಳಿಗೂ ಎರಡು. ಮೇಲಿನದು, ಅಂದರೆ ಎಫ್‌ಡಿಎಸ್, ಬೆರಳಿನ ನಡುಮೂಳೆಗೆ ಅಂಟಿ ನಡುಗೆಣ್ಣನ್ನು ಮಡಚುತ್ತದೆ. ಆಳದ್ದು, ಅಂದರೆ ಎಫ್‌ಡಿಪಿ, ತುದಿಮೂಳೆಯವರೆಗೆ ಹೋಗಿ ತುದಿಗೆಣ್ಣನ್ನೂ ಮಡಚುತ್ತದೆ. ಆಳದ್ದು ಪೂರ್ತಿ ತುಂಡಾದರೂ ಮೇಲಿನದು ಸ್ವಲ್ಪ ಉಳಿದಿದ್ದರೆ ಬೆರಳು ಕಣ್ಣಿಗೆ ಕಾಣುವಷ್ಟು ಮಡಚೇ ಮಡಚುತ್ತದೆ. ಅವಸರದಲ್ಲಿ 'ಬೆರಳು ಮಡಚಿ' ಎಂದು ಒಂದೇ ಮಾತಿನಲ್ಲಿ ಹೇಳಿ ನೋಡಿದರೆ ಈ ಗಾಯ ತಪ್ಪಿಹೋಗುವುದು ಹೀಗೆ.

ಪರೀಕ್ಷೆ

ಮೊದಲು ಮುಟ್ಟದೆ ನೋಡಬೇಕು. ಅಂಗೈ ಮೇಲೆ ಮಾಡಿ, ಕೈಯನ್ನು ಸಡಿಲವಾಗಿ ಮೇಜಿನ ಮೇಲೆ ಇಟ್ಟಾಗ ಬೆರಳುಗಳು ತೋರುಬೆರಳಿನಿಂದ ಕಿರುಬೆರಳಿನತ್ತ ಒಂದಕ್ಕಿಂತ ಒಂದು ಹೆಚ್ಚು ಬಾಗಿರುತ್ತವೆ. ಈ ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿ ಟೆಂಡನ್ ಸಂಶಯ. ಇಲ್ಲಿ ಉಂಗುರ ಬೆರಳು ನಡುಬೆರಳಿಗಿಂತ ನೆಟ್ಟಗಿತ್ತು, ಅದರ ತುದಿ ಪೂರ್ತಿ ನೇರವಾಗಿತ್ತು. ಮುಂದೆ ರೋಗಿಯ ಮಣಿಕಟ್ಟನ್ನು ಪರೀಕ್ಷಕರೇ ಹಿಂದಕ್ಕೆ ಬಾಗಿಸಿದಾಗ ಉಳಿದ ಬೆರಳುಗಳು ತಾವಾಗಿಯೇ ಒಳಕ್ಕೆ ಸುತ್ತಿಕೊಂಡವು, ಉಂಗುರ ಬೆರಳಿನ ತುದಿ ಮಾತ್ರ ಹಾಗೇ ಉಳಿಯಿತು. ನೋವಿನಿಂದ ಬೆರಳು ಆಡಿಸಲು ಹೆದರುವವರಲ್ಲಿ, ಚಿಕ್ಕ ಮಕ್ಕಳಲ್ಲಿ, ಪ್ರಜ್ಞೆ ಇಲ್ಲದವರಲ್ಲಿ ಈ ಎರಡು ಪರೀಕ್ಷೆಗಳೇ ದೊಡ್ಡ ಆಸರೆ. ರೋಗಿಯ ಸಹಕಾರವೇ ಬೇಕಿಲ್ಲ.

ಬಳಿಕ ಒಂದೊಂದೇ ಟೆಂಡನ್. ಆಳದ ಟೆಂಡನ್‌ಗೆ: ನಡುಗೆಣ್ಣನ್ನು ನೇರವಾಗಿ ಗಟ್ಟಿಯಾಗಿ ಹಿಡಿದು ತುದಿಗೆಣ್ಣನ್ನು ಮಾತ್ರ ಮಡಚಲು ಹೇಳಬೇಕು. ಇಲ್ಲಿ ಚಲನೆ ಸೊನ್ನೆ. ಮೇಲಿನ ಟೆಂಡನ್‌ಗೆ: ಉಳಿದ ಮೂರು ಬೆರಳುಗಳನ್ನು ಪೂರ್ತಿ ನೇರವಾಗಿ ಹಿಡಿದಿಟ್ಟು ಉಂಗುರ ಬೆರಳನ್ನು ಮಾತ್ರ ಮಡಚಲು ಹೇಳಬೇಕು. ನಡುಬೆರಳು, ಉಂಗುರ, ಕಿರುಬೆರಳುಗಳ ಆಳದ ಟೆಂಡನ್‌ಗಳು ಬಹುಮಟ್ಟಿಗೆ ಒಂದೇ ಸ್ನಾಯುವಿನಿಂದ ಹೊರಡುವುದರಿಂದ, ಅಕ್ಕಪಕ್ಕದ ಬೆರಳುಗಳನ್ನು ನೇರ ಹಿಡಿದರೆ ಆಳದ ಟೆಂಡನ್‌ನ ಸಹಾಯ ತಪ್ಪುತ್ತದೆ, ಮೇಲಿನದರ ಕೆಲಸವಷ್ಟೇ ಕಾಣುತ್ತದೆ. ಇಲ್ಲಿ ನಡುಗೆಣ್ಣು ಸುಮಾರು 80 ಡಿಗ್ರಿ ಮಡಚಿತು. ಆದರೆ ಬೆರಳೊತ್ತಿ ತಡೆದಾಗ ಬಲ ಕಡಿಮೆ, ನೋವು ಹೆಚ್ಚು. ಚಲನೆ ಇದ್ದೂ ತಡೆಗೆ ನೋವಾದರೆ ಅದು ಅರ್ಧ ತುಂಡಾದ ಟೆಂಡನ್‌ನ ಲಕ್ಷಣ.

ನರದ ಪರೀಕ್ಷೆ ಮದ್ದು ಚುಚ್ಚುವ ಮೊದಲೇ ಆಗಬೇಕು, ಆಮೇಲೆ ಅದಕ್ಕೆ ಅರ್ಥವಿಲ್ಲ. ಬೆರಳ ತುದಿಯ ಎರಡು ಪಕ್ಕಗಳಲ್ಲಿ ಎರಡು ಮೊನೆಗಳನ್ನು ಒಟ್ಟಿಗೆ ಮುಟ್ಟಿಸಿ, ಅವು ಎರಡೆಂದು ತಿಳಿಯುವ ಕನಿಷ್ಠ ಅಂತರ ಅಳೆಯುತ್ತಾರೆ. ಆರೋಗ್ಯವಂತ ಬೆರಳಲ್ಲಿ ಇದು 6 ಮಿ.ಮೀ.ಗಿಂತ ಕಡಿಮೆ. ಹೆಬ್ಬೆರಳಿನ ಕಡೆಯ ಪಕ್ಕದಲ್ಲಿ 4 ಮಿ.ಮೀ. ಬಂತು. ಕಿರುಬೆರಳಿನ ಕಡೆಯಲ್ಲಿ 15 ಮಿ.ಮೀ. ಅಂತರದಲ್ಲೂ ಒಂದೇ ಎಂದರು, ಆ ಭಾಗದ ಚರ್ಮ ಒಣಗಿತ್ತು. ನರ ಹೋದ ಕಡೆ ಬೆವರು ನಿಲ್ಲುತ್ತದೆ. ನಯವಾದ ಪೆನ್ನನ್ನು ಚರ್ಮದ ಮೇಲೆ ಎಳೆದರೆ ಬೆವರಿನ ಅಂಟಿಲ್ಲದ ಕಡೆ ಅದು ಜಾರುವುದೇ ಗೊತ್ತಾಗುತ್ತದೆ. ಬೆರಳು ಗುಲಾಬಿ ಬಣ್ಣದಲ್ಲಿತ್ತು, ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ರಕ್ತ ಮರಳುತ್ತಿತ್ತು. ಬೆರಳಿನಲ್ಲಿ ನರ ಅಂಗೈ ಕಡೆಗೆ, ರಕ್ತನಾಳ ಅದರ ಹಿಂದೆ ಇರುತ್ತದೆ. ಹಾಗಾಗಿ ಅಂಗೈ ಕಡೆಯ ಗಾಯದಲ್ಲಿ ನಾಳ ಉಳಿದು ನರ ಮಾತ್ರ ಹೋಗಿರುವುದು ಸಾಮಾನ್ಯ. ಗಾಯದಿಂದ ರಕ್ತ ಚಿಮ್ಮಿತ್ತು ಎಂದರೆ ನರವೂ ಹೋಗಿದೆಯೆಂದೇ ಹಿಡಿದು ಹುಡುಕಬೇಕು.

ಎಕ್ಸ್‌ರೇ ಎರಡು ಕೋನದಲ್ಲಿ. ಗಾಜಿನ ಚೂರು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಎಂಬ ನಂಬಿಕೆ ಇನ್ನೂ ಇದೆ, ಅದು ತಪ್ಪು. ತೀರ ಸಣ್ಣವು ಬಿಟ್ಟರೆ ಬಹುತೇಕ ಗಾಜು ಕಾಣುತ್ತದೆ. ಇಲ್ಲಿ ಚೂರೂ ಇರಲಿಲ್ಲ, ಮೂಳೆಯೂ ಮುರಿದಿರಲಿಲ್ಲ. ಅಲ್ಟ್ರಾಸೌಂಡ್ ಮಾಡಿಸಲಿಲ್ಲ. ಕೈಯಿಂದ ಮಾಡಿದ ಪರೀಕ್ಷೆ ಇಷ್ಟು ಸ್ಪಷ್ಟವಿದ್ದಾಗ ಅದು ನಿರ್ಧಾರವನ್ನು ಬದಲಿಸದು. ವಾರಗಟ್ಟಲೆ ತಡವಾಗಿ ಬಂದವರಲ್ಲಿ ಟೆಂಡನ್‌ನ ತುದಿ ಎಲ್ಲಿಗೆ ಸರಿದಿದೆ ಎಂದು ತಿಳಿಯಲು ಉಪಯೋಗ.

ನಿರ್ಣಯ: ಎಡ ಉಂಗುರ ಬೆರಳು, ಎರಡನೇ ವಲಯ, ಆಳದ ಟೆಂಡನ್ ಪೂರ್ತಿ ತುಂಡು, ಮೇಲಿನದು ಭಾಗಶಃ, ಕಿರುಬೆರಳಿನ ಕಡೆಯ ನರ ತುಂಡು.

ಎರಡನೇ ವಲಯ ಏಕೆ ಕಷ್ಟ

ಅಂಗೈಯ ಕೊನೆಯ ಅಡ್ಡಗೆರೆಯಿಂದ ನಡುಮೂಳೆಯ ಮಧ್ಯದವರೆಗಿನ ಪಟ್ಟಿಯೇ ಈ ವಲಯ. ಇಲ್ಲಿ ಎರಡೂ ಟೆಂಡನ್‌ಗಳು ಒಂದೇ ಇಕ್ಕಟ್ಟಾದ ಒರೆಯೊಳಗೆ ಓಡುತ್ತವೆ. ಮೇಲಿನ ಟೆಂಡನ್ ಎರಡು ಎಳೆಯಾಗಿ ಸೀಳಿ, ಆಳದ್ದನ್ನು ಸುತ್ತುವರಿದು, ಅದರ ಹಿಂದೆ ಮತ್ತೆ ಕೂಡಿಕೊಂಡು ಮೂಳೆಗೆ ಅಂಟುತ್ತದೆ. ಒರೆಯ ಮೇಲೆ ಅಲ್ಲಲ್ಲಿ ಗಟ್ಟಿ ಪಟ್ಟಿಗಳು, ಅಂದರೆ ಪುಲ್ಲಿಗಳು, ಟೆಂಡನ್ ಅನ್ನು ಮೂಳೆಗೆ ಒತ್ತಿ ಹಿಡಿಯುತ್ತವೆ. ಎ1, ಎ3, ಎ5 ಗೆಣ್ಣುಗಳ ಮೇಲೆ. ಎ2 ಬುಡಮೂಳೆಯ ಮೇಲೆ, ಎ4 ನಡುಮೂಳೆಯ ಮೇಲೆ. ಬಲದ ಮಟ್ಟಿಗೆ ಎ2 ಮತ್ತು ಎ4 ಮುಖ್ಯ. ಇವು ಪೂರ್ತಿ ಹೋದರೆ ಮುಷ್ಟಿ ಕಟ್ಟುವಾಗ ಟೆಂಡನ್ ಬಿಲ್ಲಿನ ಹೆದೆಯಂತೆ ಮೂಳೆಯಿಂದ ಎದ್ದು ನಿಲ್ಲುತ್ತದೆ, ಎಷ್ಟು ಎಳೆದರೂ ಬೆರಳು ಪೂರ್ತಿ ಮಡಚದು.

ಹೊಲಿದ ಟೆಂಡನ್ ಊದಿ ದಪ್ಪವಾಗುತ್ತದೆ, ಒರೆಯೋ ಹಿಗ್ಗುವುದಿಲ್ಲ. ಅಲ್ಲಾಡಿಸದೆ ಬಿಟ್ಟರೆ ಟೆಂಡನ್ ಒರೆಗೆ ಅಂಟುತ್ತದೆ, ಹೆಚ್ಚು ಎಳೆದರೆ ಹೊಲಿಗೆ ಹರಿಯುತ್ತದೆ. ಇದೇ ಕಾರಣಕ್ಕೆ ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಕೈ ಶಸ್ತ್ರಚಿಕಿತ್ಸಕ ಸ್ಟರ್ಲಿಂಗ್ ಬನೆಲ್ ಅವರಂಥವರೂ ಇಲ್ಲಿ ನೇರ ಹೊಲಿಗೆ ಬೇಡ, ಚರ್ಮವಷ್ಟೇ ಮುಚ್ಚಿ ಮುಂದೆ ಬೇರೆಡೆಯ ಟೆಂಡನ್ ತಂದು ಕಸಿ ಮಾಡಿ ಎನ್ನುತ್ತಿದ್ದರು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಹೊಲಿದು ಬೇಗನೆ ಚಲನೆ ಆರಂಭಿಸಿದರೆ ಒಳ್ಳೆಯ ಫಲ ಬರುತ್ತದೆಂದು ತೋರಿಸಿದ ಮೇಲೆ ಆ ಸಲಹೆ ಹಿಂದೆ ಸರಿಯಿತು.

ನಾಲ್ಕು ದಿನ ತಡವಾದದ್ದರಿಂದ ಇಲ್ಲಿ ಹಾನಿಯಾಗಲಿಲ್ಲ. ಬೆರಳಿಗೆ ರಕ್ತ ಪೂರೈಕೆ ಇದ್ದರೆ ಇದು ನಡುರಾತ್ರಿಯ ತುರ್ತು ಶಸ್ತ್ರಚಿಕಿತ್ಸೆಯಲ್ಲ. ಸರಿಯಾದ ತಂಡ, ಸರಿಯಾದ ದಾರ, ಬೆಳಕು ಇರುವಾಗ ಮಾಡಿದ ಕೆಲಸವೇ ಲೇಸು. ಮೊದಲ ವಾರ, ಹತ್ತು ದಿನದೊಳಗೆ ಆದರೆ ಒಳ್ಳೆಯದು. ಮೂರು ವಾರ ದಾಟಿದ ಮೇಲೆ ಸ್ನಾಯು ಕುಗ್ಗಿ ತುದಿಗಳು ಕೂಡುವುದಿಲ್ಲ, ಖಾಲಿ ಒರೆ ಮುಚ್ಚಿಕೊಳ್ಳುತ್ತದೆ. ಆಗ ಕಸಿಯೇ ಗತಿ, ಒಮ್ಮೊಮ್ಮೆ ಮೊದಲು ಸಿಲಿಕೋನ್ ಸರಳು ಇಟ್ಟು ದಾರಿ ಮಾಡಿ, ತಿಂಗಳುಗಳ ನಂತರ ಎರಡನೇ ಹಂತದಲ್ಲಿ.

ಮರಗಟ್ಟಿಸುವುದು

ರೋಗಿ ಎಚ್ಚರವಿದ್ದು, ತೋಳಿಗೆ ರಕ್ತ ತಡೆಯುವ ಪಟ್ಟಿ ಕಟ್ಟದೆ, ಲಿಡೋಕೇನ್ ಜೊತೆ ಅಡ್ರಿನಲಿನ್ ಚುಚ್ಚಿ ಮಾಡುವ ವಿಧಾನ ಆಯ್ದುಕೊಳ್ಳಲಾಯಿತು. ತೋಳಿನ ಪಟ್ಟಿ ಬಿಗಿದರೆ ಸ್ನಾಯು ಸ್ವಲ್ಪ ಹೊತ್ತಿನಲ್ಲೇ ಕೆಲಸ ನಿಲ್ಲಿಸುತ್ತದೆ, ಆಮೇಲೆ ರೋಗಿ ಎಷ್ಟು ಮನಸ್ಸು ಮಾಡಿದರೂ ಬೆರಳು ಆಡದು. ಈ ಗಾಯದಲ್ಲಿ ಮೇಜಿನ ಮೇಲೆ ಬೆರಳು ಆಡಲೇಬೇಕು.

ಪ್ರಮಾಣ: 1 ಶೇಕಡಾ ಲಿಡೋಕೇನ್, 1:1,00,000 ಅಡ್ರಿನಲಿನ್. ಮಿತಿ ಕಿಲೋಗೆ 7 ಮಿ.ಗ್ರಾಂ, 65 ಕಿಲೋಗೆ 455 ಮಿ.ಗ್ರಾಂ, ಅಂದರೆ ಸುಮಾರು 45 ಮಿ.ಲೀ. ಉರಿ ಕಡಿಮೆ ಮಾಡಲು ಪ್ರತಿ 10 ಮಿ.ಲೀ.ಗೆ 8.4 ಶೇಕಡಾ ಸೋಡಿಯಂ ಬೈಕಾರ್ಬೋನೇಟ್ 1 ಮಿ.ಲೀ. ಬೆರೆಸಲಾಯಿತು. ಅಂಗೈಯಲ್ಲಿ 10 ಮಿ.ಲೀ., ಬುಡಮೂಳೆ ಮತ್ತು ನಡುಮೂಳೆಗಳ ಮೇಲೆ ಚರ್ಮದಡಿ ತಲಾ 2 ಮಿ.ಲೀ., ತುದಿಯಲ್ಲಿ 1 ಮಿ.ಲೀ. ಒಟ್ಟು 15 ಮಿ.ಲೀ.; ಮಿತಿಗಿಂತ ಬಹಳ ಕೆಳಗೆ. ಒರೆಯೊಳಗೆ ಚುಚ್ಚುವುದಿಲ್ಲ, ಮೇಲಿನ ಕೊಬ್ಬಿನಲ್ಲಷ್ಟೇ.

ಇಲ್ಲಿ ಜನ ಅವಸರ ಪಡುವುದು ಕಾಯುವ ವಿಷಯದಲ್ಲಿ. ನೋವು ಕೆಲವೇ ನಿಮಿಷದಲ್ಲಿ ಹೋಗುತ್ತದೆ. ಆದರೆ ಅಡ್ರಿನಲಿನ್‌ನಿಂದ ರಕ್ತ ಸುರಿಯುವುದು ತಗ್ಗಲು 25ರಿಂದ 30 ನಿಮಿಷ ಬೇಕು. ಬೇಗ ಕೊಯ್ದರೆ ರಕ್ತದಲ್ಲಿ ಏನೂ ಕಾಣದೆ, ಕೊನೆಗೆ ಪಟ್ಟಿ ಕಟ್ಟಬೇಕಾಗುತ್ತದೆ. ಬೆರಳು ಬಿಳಿಚಿಕೊಂಡರೆ ಗಾಬರಿ ಬೇಡ, ಆದರೆ ಸಿದ್ಧತೆ ಬೇಕು: ಅಡ್ರಿನಲಿನ್ ಪರಿಣಾಮ ಅಳಿಸುವ ಫೆಂಟೊಲಮೀನ್ 1 ಮಿ.ಗ್ರಾಂ, 1 ಮಿ.ಲೀ. ಸಲೈನಿನಲ್ಲಿ, ಕೈಗೆ ಸಿಗುವಂತಿರಬೇಕು. ಮೊದಲೇ ಬೆರಳಿಗೆ ರಕ್ತ ಸಾಲದವರಲ್ಲಿ ಈ ವಿಧಾನ ಬೇಡ.

ತೆರೆದಾಗ ಕಂಡದ್ದು

ಹಳೆಯ ಹೊಲಿಗೆ ಬಿಚ್ಚಿ, ಗಾಯವನ್ನು ಮೇಲಕ್ಕೂ ಕೆಳಕ್ಕೂ ಅಂಕುಡೊಂಕಾಗಿ ವಿಸ್ತರಿಸಲಾಯಿತು. ಬೆರಳ ಗೆರೆಗಳನ್ನು ನೆಟ್ಟಗೆ ಅಡ್ಡಹಾಯುವ ಕೊಯ್ತ ಮಾಗುವಾಗ ಕುಗ್ಗಿ ಬೆರಳನ್ನು ಎಳೆದು ಹಿಡಿಯುತ್ತದೆ, ಅದಕ್ಕೇ ಈ ಅಂಕುಡೊಂಕು. ಚರ್ಮದ ತ್ರಿಕೋನಗಳನ್ನು ಕೊಬ್ಬಿನ ಸಮೇತ ದಪ್ಪವಾಗಿ ಎತ್ತಬೇಕು, ತುದಿ ಚೂಪಾದರೆ ಸಾಯುತ್ತದೆ.

ಆಳದ ಟೆಂಡನ್ ಪೂರ್ತಿ ತುಂಡಾಗಿತ್ತು. ಮೇಲಿನದರ ಎರಡು ಎಳೆಗಳಲ್ಲಿ ಕಿರುಬೆರಳಿನ ಕಡೆಯದು ತುಂಡು, ಇನ್ನೊಂದು ಕ್ಷೇಮ. ನಡುಗೆಣ್ಣು ಮಡಚುತ್ತಿದ್ದದ್ದು ಆ ಒಂದೇ ಎಳೆಯ ಬಲದಿಂದ. ಟೆಂಡನ್‌ನ ತುದಿಕಡೆಯ ತುಂಡು ಚರ್ಮದ ಗಾಯದ ಕೆಳಗೆ ಇರಲಿಲ್ಲ. ಅದು ಸುಮಾರು 1.2 ಸೆಂ.ಮೀ. ಮುಂದೆ, ನಡುಗೆಣ್ಣಿನ ಹತ್ತಿರ ಇತ್ತು. ಲೋಟ ಹಿಡಿದಿದ್ದಾಗ, ಅಂದರೆ ಬೆರಳು ಮಡಚಿದ್ದಾಗ, ಕೊಯ್ದದ್ದರಿಂದ ಹೀಗೆ: ಬೆರಳು ನೇರವಾದೊಡನೆ ಆ ತುದಿ ಮುಂದಕ್ಕೆ ಜಾರುತ್ತದೆ. ಗಾಯ ಹೇಗಾಯಿತು, ಆಗ ಬೆರಳು ಹೇಗಿತ್ತು ಎಂದು ಮೊದಲೇ ಕೇಳಿದ್ದರೆ ಕೊಯ್ತವನ್ನು ಯಾವ ಕಡೆಗೆ ಹೆಚ್ಚು ಎಳೆಯಬೇಕೆಂದು ಗೊತ್ತಿರುತ್ತದೆ.

ಅಂಗೈ ಕಡೆಯ ತುಂಡು ಒರೆಯಲ್ಲಿ ಕಾಣಲಿಲ್ಲ. ಮಣಿಕಟ್ಟು ಮಡಚಿ, ಮುಂಗೈಯಿಂದ ಅಂಗೈಯತ್ತ ಒತ್ತಿ ನೀವಿದರೂ ಬರಲಿಲ್ಲ. ಈ ಹಂತದಲ್ಲಿ ಇಕ್ಕಳವನ್ನು ಒರೆಯೊಳಗೆ ಕುರುಡಾಗಿ ತೂರಿಸಿ ಮತ್ತೆ ಮತ್ತೆ ಹಿಡಿಯಲು ನೋಡುವುದು ದೊಡ್ಡ ತಪ್ಪು. ಒರೆಯ ಒಳಪದರಕ್ಕೂ ಟೆಂಡನ್‌ನ ಮೈಗೂ ಬೀಳುವ ಒಂದೊಂದು ಗೀರೂ ಮುಂದೆ ಅಂಟಿಕೊಳ್ಳುವ ಜಾಗವಾಗುತ್ತದೆ. ಅದರ ಬದಲು ಅಂಗೈಯ ಗೆರೆಯಲ್ಲಿ 1.5 ಸೆಂ.ಮೀ. ಅಡ್ಡ ಕೊಯ್ದು, ಎ1 ಪುಲ್ಲಿಯ ಹಿಂದೆಯೇ ಟೆಂಡನ್ ಗುರುತಿಸಲಾಯಿತು. ಮಕ್ಕಳಿಗೆ ಬಳಸುವ 5 ಫ್ರೆಂಚ್ ಅಳತೆಯ ಮೆದು ಆಹಾರನಳಿಕೆಯನ್ನು ಬೆರಳ ಗಾಯದಿಂದ ಪುಲ್ಲಿಗಳಡಿ ಅಂಗೈವರೆಗೆ ಹಾಯಿಸಿ, ಅಲ್ಲಿ ಟೆಂಡನ್‌ನ ಪಕ್ಕಕ್ಕೆ ಒಂದು ಹೊಲಿಗೆಯಿಂದ ಕಟ್ಟಿ, ನಳಿಕೆಯನ್ನು ಮುಂದಕ್ಕೆ ಎಳೆದಾಗ ಟೆಂಡನ್ ಜೊತೆಗೇ ಬಂತು. ಅದು ಹಿಂದಕ್ಕೆ ಜಾರದಂತೆ ಎ1 ಬಳಿ 23 ಗೇಜ್ ಸೂಜಿಯನ್ನು ಅಡ್ಡ ಚುಚ್ಚಿ ನಿಲ್ಲಿಸಲಾಯಿತು.

ಎಳೆದು ತಂದ ಆಳದ ಟೆಂಡನ್ ಮೇಲಿನದರ ಸೀಳಿನ ನಡುವಿನಿಂದಲೇ ಬಂದಿದೆಯೇ, ತಿರುಚಿಲ್ಲವೇ ಎಂದು ಹೊಲಿಯುವ ಮೊದಲು ನೋಡಬೇಕು. ಉಳಿದ ಎಳೆಯ ತಪ್ಪು ಬದಿಯಿಂದ ಹಾಯಿಸಿ ಹೊಲಿದರೆ ಹೊಲಿಗೆ ಎಷ್ಟೇ ಚೆಂದವಿದ್ದರೂ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ.

ತುಂಡಾದ ಎಳೆಯನ್ನು ಹೊಲಿಯದೆ ಕತ್ತರಿಸಿ ತೆಗೆಯಲಾಯಿತು. ಈ ಬಗ್ಗೆ ಎರಡು ಅಭಿಪ್ರಾಯ ಇವೆ. ಒಂದು ಎಳೆ ಗಟ್ಟಿಯಾಗಿ ಉಳಿದಿರುವಾಗ, ಎ2 ಅಡಿಯ ಇಕ್ಕಟ್ಟಿನಲ್ಲಿ ಎರಡು ದಪ್ಪ ಹೊಲಿಗೆ ತುರುಕುವುದಕ್ಕಿಂತ ಜಾಗ ಬಿಡಿಸಿ ಆಳದ ಟೆಂಡನ್‌ಗೆ ಓಡಾಡಲು ಕೊಡುವುದೇ ಸರಿಯೆಂಬುದು ಇಲ್ಲಿನ ನಿಲುವು.

ಹೊಲಿಗೆ

ಎ2 ಮತ್ತು ಎ3 ನಡುವಿನ ಒರೆಯ ತೆಳು ಭಾಗವನ್ನು ತೆರೆಯಲಾಯಿತು. ಈ ಬೆರಳಲ್ಲಿ ಎ2 ಉದ್ದ 16 ಮಿ.ಮೀ. ಅದರ ತುದಿಕಡೆಯ 8 ಮಿ.ಮೀ. ಸೀಳಲಾಯಿತು. ಎ2ಯನ್ನು ಮುಟ್ಟಲೇಬಾರದೆಂಬ ಹಳೆಯ ಕಟ್ಟಳೆ ಈಗ ಸಡಿಲವಾಗಿದೆ. ಉಳಿದ ಪುಲ್ಲಿಗಳು ಕ್ಷೇಮವಿದ್ದರೆ ಎ2ನ ಅರ್ಧದಿಂದ ಮೂರನೇ ಎರಡು ಭಾಗದವರೆಗೆ ಬಿಡಿಸಬಹುದು, ಒಟ್ಟು ತೆರೆದ ಉದ್ದ 2 ಸೆಂ.ಮೀ. ಮೀರಬಾರದು.

ಒಳಹೊಲಿಗೆಗೆ 4-0 ಹೆಣೆದ ಪಾಲಿಯೆಸ್ಟರ್ ದಾರ (ಸೊನ್ನೆಯ ಮುಂದಿನ ಅಂಕಿ ಹೆಚ್ಚಿದಷ್ಟೂ ದಾರ ತೆಳು), ಬೀಗ ಹಾಕಿದ, ಅಂದರೆ ದಾರ ಜಾರದಂತೆ ಕುಣಿಕೆ ಬಿಗಿದ, ಕ್ರುಸಿಯೇಟ್ (ಶಿಲುಬೆಯಂತೆ ಅಡ್ಡಹಾಯುವ) ಮಾದರಿ, ಬಿರುಕನ್ನು ದಾಟುವ ಎಳೆ ನಾಲ್ಕು. ಎರಡು ಎಳೆಯ ಹೊಲಿಗೆ ರೋಗಿ ತಾನೇ ಬೆರಳು ಆಡಿಸುವ ಬಲವನ್ನು ನಂಬಿಕೆಯಿಂದ ತಡೆಯದು. ನಾಲ್ಕು ಕನಿಷ್ಠ, ಆರು ಇನ್ನೂ ಗಟ್ಟಿ ಆದರೆ ಟೆಂಡನ್ ಅನ್ನು ಹೆಚ್ಚು ಕೆದಕಬೇಕು. ಪ್ರತಿ ಬದಿಯಲ್ಲಿ ಕತ್ತರಿಸಿದ ಅಂಚಿನಿಂದ 10 ಮಿ.ಮೀ. ದೂರದಲ್ಲಿ ಹಿಡಿತ, ಪ್ರತಿ ಬೀಗ 2 ಮಿ.ಮೀ. ಅಗಲ. ಅಂಚಿಗೆ ಹತ್ತಿರ, 4-5 ಮಿ.ಮೀ.ನಲ್ಲೇ, ಹಿಡಿದರೆ ನಾರುಗಳ ನಡುವೆ ದಾರ ಸೀಳಿಕೊಂಡು ಬರುತ್ತದೆ. ಟೆಂಡನ್‌ನ ಮೈಯನ್ನು ಇಕ್ಕಳದಿಂದ ಹಿಂಡದೆ, ಕತ್ತರಿಸಿದ ಮುಖವನ್ನಷ್ಟೇ ಹಿಡಿಯಬೇಕು.

ಇಲ್ಲಿಗೆ, ಜೋಡಣೆಯ ಅಂಚಿನ ಸುತ್ತ ಹಾಕುವ ತೆಳು ಹೊಲಿಗೆಯನ್ನು, ಅಂದರೆ ಸುತ್ತಹೊಲಿಗೆಯನ್ನು, ಹಾಕದೆ ನಿಲ್ಲಿಸಿ, ಸೂಜಿ ತೆಗೆದು, ಬೆರಳನ್ನು ಪೂರ್ತಿ ಚಾಚಿ ಪೂರ್ತಿ ಮಡಚಲು ರೋಗಿಗೆ ಹೇಳಲಾಯಿತು. ಮೊದಲ ಮುಷ್ಟಿಯಲ್ಲಿ ಎಲ್ಲವೂ ಸರಿ. ಮೂರನೇ ಬಾರಿಗೆ ಜೋಡಣೆಯಲ್ಲಿ ಸುಮಾರು 2 ಮಿ.ಮೀ. ಬಿರುಕು ಬಿಟ್ಟುಕೊಂಡಿತು. ಮಡಚುವ ನಡುವೆ, ಜೋಡಣೆ ಎ2ನ ಅಂಚನ್ನು ತಲುಪಿದಾಗ ಒಂದು ಕ್ಷಣ ತಡೆದು ಆಮೇಲೆ ಹಾರಿ ಒಳಗೆ ಹೋಯಿತು.

ಎರಡೂ ಬೇರೆ ಬೇರೆ ದೋಷ, ಬೇರೆ ಬೇರೆ ಮದ್ದು. ಬಿರುಕಿಗೆ ಕಾರಣ ನಾಲ್ಕು ಎಳೆಗಳಲ್ಲಿ ಎರಡು ಸಡಿಲವಿದ್ದದ್ದು. ಭಾರವೆಲ್ಲ ಬಿಗಿ ಇದ್ದ ಎರಡರ ಮೇಲೆ ಬಿದ್ದು, ಅವು ಟೆಂಡನ್ ಅನ್ನು ಮುದುರಿಸಿ ಸರಿದಿದ್ದವು. ಕೈಯಿಂದ ಎಳೆದು ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಸ್ನಾಯುವಿನ ನಿಜವಾದ ಎಳೆತಕ್ಕೇ ಕಂಡದ್ದು. ಹೊಲಿಗೆ ತೆಗೆದು ಮತ್ತೆ ಹಾಕಿ, ಪ್ರತಿ ಎಳೆಯನ್ನೂ ಸಮನಾಗಿ ಬಿಗಿದು, ಜೋಡಣೆಯಲ್ಲಿ ತುದಿಗಳು ತುಸು ಉಬ್ಬುವಷ್ಟು, ಅಂದರೆ ಹಿಡಿದ ಉದ್ದ ಸುಮಾರು ಹತ್ತನೇ ಒಂದು ಪಾಲು ಕುಗ್ಗುವಷ್ಟು ಒತ್ತಡ ಕೊಟ್ಟು ಗಂಟು ಹಾಕಲಾಯಿತು. ಸ್ವಲ್ಪ ಉಬ್ಬಿದ ಜೋಡಣೆ ಸಹ್ಯ, ಬಿರುಕು ಸಹ್ಯವಲ್ಲ. 3 ಮಿ.ಮೀ.ಗಿಂತ ಹೆಚ್ಚು ಬಿರುಕು ಬಿಟ್ಟ ಟೆಂಡನ್ ವಾರಗಳು ಕಳೆದರೂ ಬಲ ಗಳಿಸುವುದಿಲ್ಲವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ.

ತಡೆಗೆ ಕಾರಣ ಪುಲ್ಲಿಯ ಅಂಚು. ಎ2ನ ಸೀಳನ್ನು ಇನ್ನು 2 ಮಿ.ಮೀ. ಹಿಂದಕ್ಕೆ ಒಯ್ದು 10 ಮಿ.ಮೀ. ಮಾಡಲಾಯಿತು, 6 ಮಿ.ಮೀ. ಉಳಿಯಿತು. ಮತ್ತೆ ಆಡಿಸಿದಾಗ ಬಿರುಕಿಲ್ಲ, ತಡೆಯಿಲ್ಲ, ಟೆಂಡನ್ ಎದ್ದು ನಿಲ್ಲುವುದೂ ಇಲ್ಲ. ಆಮೇಲೆ 6-0 ಪಾಲಿಪ್ರೊಪಿಲೀನ್‌ನಿಂದ ಸುತ್ತಹೊಲಿಗೆ: ಮೊದಲು ಹಿಂಬದಿ, ಆಮೇಲೆ ಮುಂಬದಿ, ಅಂಚಿನಿಂದ 2 ಮಿ.ಮೀ. ಒಳಗೆ. ಇದು ಬಲವನ್ನೂ ಕೂಡಿಸುತ್ತದೆ, ಮೈಯನ್ನೂ ನುಣುಪು ಮಾಡುತ್ತದೆ. ಕೊನೆಗೆ ಇನ್ನೊಮ್ಮೆ ಪೂರ್ತಿ ಮುಷ್ಟಿ, ಪೂರ್ತಿ ಚಾಚು. ಈ ಕೊನೆಯ ಚಲನೆಯನ್ನು ಮುಂದೆ ವ್ಯಾಯಾಮ ಮಾಡಿಸುವ ಕೈ ಚಿಕಿತ್ಸಕರೂ ನಿಂತು ನೋಡಿದರು. ಮುಂದಿನ ಆರು ವಾರ ಎಷ್ಟು ಧೈರ್ಯದಿಂದ ಬೆರಳು ಆಡಿಸಬಹುದೆಂಬುದು ಇಲ್ಲೇ ತೀರ್ಮಾನವಾಗುತ್ತದೆ, ಬರೆದ ವರದಿಗಿಂತ ಕಣ್ಣಾರೆ ಕಂಡದ್ದು ಹೆಚ್ಚು ಉಪಯೋಗ.

ನರವನ್ನು ಕೊನೆಗೆ ಉಳಿಸಿಕೊಂಡದ್ದು ಬೇಕೆಂದೇ: ಮೊದಲೇ ಹೊಲಿದಿದ್ದರೆ ಈ ಆಡಿಸುವಿಕೆಯಲ್ಲಿ ಹರಿಯುವ ಅಪಾಯ. ಸೂಕ್ಷ್ಮದರ್ಶಕದಡಿ ಎರಡೂ ತುದಿಗಳಿಂದ ಸುಮಾರು 1 ಮಿ.ಮೀ. ಕತ್ತರಿಸಿ, ನರದ ಎಳೆಗಳು ಹೊರಚಾಚಿ ಕಾಣುವ ಆರೋಗ್ಯವಂತ ಮುಖ ಸಿಕ್ಕ ಮೇಲೆ 9-0 ನೈಲಾನ್‌ನಲ್ಲಿ ನಾಲ್ಕು ಹೊಲಿಗೆ, ಹೊರಪದರಕ್ಕೆ ಮಾತ್ರ. ಬೆರಳನ್ನು ಮೆಲ್ಲಗೆ ಪೂರ್ತಿ ನೇರ ಮಾಡಿ ಜೋಡಣೆ ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲಾಯಿತು. ಎಳೆಯುವಂತಿದ್ದರೆ ಬಲವಂತವಾಗಿ ಕೂಡಿಸಬಾರದು, ನರದ ಕಸಿ ಅಥವಾ ನಳಿಕೆ ಬೇಕಾಗುತ್ತದೆ. ಚರ್ಮಕ್ಕೆ 5-0 ನೈಲಾನ್.

ಆಮೇಲಿನ ಆರು ವಾರ

ಕೈಯ ಬೆನ್ನ ಕಡೆಯಿಂದ ತಡೆಯುವ ಪ್ಲಾಸ್ಟಿಕ್ ಸ್ಪ್ಲಿಂಟ್ (ಕೈಯನ್ನು ಒಂದು ಭಂಗಿಯಲ್ಲಿ ಹಿಡಿಯುವ ಆಸರೆ): ಮಣಿಕಟ್ಟು 20 ಡಿಗ್ರಿ ಹಿಂದಕ್ಕೆ, ಬುಡಗೆಣ್ಣು 30 ಡಿಗ್ರಿ ಮಡಚಿ, ಮುಂದಿನ ಎರಡು ಗೆಣ್ಣುಗಳು ಪೂರ್ತಿ ನೇರವಾಗಬಲ್ಲಂತೆ. ಮೊದಲ ಮೂರು ದಿನ ಕೈ ಎತ್ತರದಲ್ಲಿ, ಚಲನೆ ಇಲ್ಲ. ಆಗ ಊತ ಮತ್ತು ರಕ್ತ ಜಿನುಗು ಹೆಚ್ಚು, ಊದಿದ ಬೆರಳನ್ನು ಮಡಚಲು ಹೆಚ್ಚು ಬಲ ಬೇಕು, ಆ ಹೆಚ್ಚಿನ ಬಲವೇ ಹೊಲಿಗೆಗೆ ಅಪಾಯ.

ನಾಲ್ಕನೇ ದಿನದಿಂದ ಎಚ್ಚರವಿರುವಾಗ ಎರಡು ಗಂಟೆಗೊಮ್ಮೆ: ಮೊದಲು ಇನ್ನೊಂದು ಕೈಯಿಂದ ಬೆರಳನ್ನು ಹತ್ತು ಸಲ ಮಡಚಿ ಸಡಿಲಗೊಳಿಸುವುದು, ಆಮೇಲೆ ತಾನಾಗಿ ಅರ್ಧ ಮುಷ್ಟಿಯವರೆಗೆ ಹತ್ತು ಸಲ, ಪ್ರತಿ ಸಲವೂ ಸ್ಪ್ಲಿಂಟ್ ಮುಟ್ಟುವವರೆಗೆ ಪೂರ್ತಿ ಚಾಚುವುದು. ಮೂರು ವಾರದವರೆಗೆ ಅರ್ಧ ಮುಷ್ಟಿ ಸಾಕು. ಮಡಚುವಿಕೆಯ ಕೊನೆಯ ಮೂರನೇ ಒಂದು ಭಾಗದಲ್ಲಿ ಟೆಂಡನ್ ಮೇಲಿನ ಭಾರ ತೀವ್ರವಾಗಿ ಏರುತ್ತದೆ. ನಾಲ್ಕನೇ ವಾರದಿಂದ ಮೆಲ್ಲಗೆ ಪೂರ್ತಿ ಮುಷ್ಟಿಯತ್ತ, ಆದರೆ ಏನನ್ನೂ ಹಿಂಡದೆ.

ಹೊಲಿಗೆ ಹರಿಯುವುದು ಹೆಚ್ಚಾಗಿ ವ್ಯಾಯಾಮದಲ್ಲಲ್ಲ. ಸ್ಪ್ಲಿಂಟ್ ತೆಗೆದು ಸ್ನಾನ ಮಾಡುವಾಗ, ಬೀಳುವ ವಸ್ತುವನ್ನು ಥಟ್ಟನೆ ಹಿಡಿಯುವಾಗ, 'ಚೆನ್ನಾಗಿದೆ' ಎನಿಸಿ ಚೀಲ ಎತ್ತುವಾಗ. ಬೆರಳು ಚೆನ್ನಾಗಿ ಆಡುತ್ತಿರುವವರಲ್ಲೇ ಈ ಅಪಾಯ ಹೆಚ್ಚು, ಏಕೆಂದರೆ ಅಂಟಿಕೊಳ್ಳದ ಟೆಂಡನ್‌ಗೆ ಹೊಲಿಗೆಯೊಂದೇ ಆಧಾರ. ಟಕ್ಕೆಂದು ಏನೋ ಬಿಟ್ಟಂತಾಗಿ ತುದಿ ಮಡಚದೆ ಹೋದರೆ ಅದೇ ದಿನ ಬರಬೇಕು. ಬೇಗ ಬಂದರೆ ಮತ್ತೆ ಹೊಲಿಯಬಹುದು. ಇದನ್ನು ರೋಗಿಗೂ ಮನೆಯವರಿಗೂ ಮೊದಲ ದಿನವೇ ಬಿಡಿಸಿ ಹೇಳಲಾಗಿತ್ತು.

ಈ ಪ್ರಕರಣದಲ್ಲಿ ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ. ಮೂರನೇ ವಾರ ನಡುಗೆಣ್ಣು 25 ಡಿಗ್ರಿಯಷ್ಟು ಬಾಗಿಯೇ ಉಳಿದಿತ್ತು, ಪೂರ್ತಿ ನೇರವಾಗುತ್ತಿರಲಿಲ್ಲ. ಮಡಚುವುದರ ಮೇಲೆಯೇ ಎಲ್ಲರ ಗಮನವಿರುವುದರಿಂದ ಈ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಗೆಣ್ಣಿನ ಅಂಗೈ ಕಡೆಯ ಪೊರೆ ಒಮ್ಮೆ ಕುಗ್ಗಿದರೆ ಹಿಂದೆ ಬರುವುದು ಕಷ್ಟ. ಸ್ಪ್ಲಿಂಟ್ ತೆಗೆದು ನೋಡಿದಾಗ ಮೂಲ ಸಿಕ್ಕಿತು: ಊತ ಇಳಿದು ಪಟ್ಟಿ ಸಡಿಲವಾಗಿ, ಬೆರಳು ಸ್ಪ್ಲಿಂಟಿನಿಂದ ದೂರ ಬಾಗಿ ಕೂತಿತ್ತು. ಪಟ್ಟಿ ಸರಿಪಡಿಸಿ, ಬುಡಮೂಳೆಯ ಬೆನ್ನಿಗೆ ಸ್ಪಾಂಜಿನ ಬೆಣೆ ಇಟ್ಟು ಬುಡಗೆಣ್ಣನ್ನು ಇನ್ನಷ್ಟು ಮಡಚಿ ಹಿಡಿದು ಚಾಚುವ ವ್ಯಾಯಾಮ ಮಾಡಿಸಲಾಯಿತು. ಬುಡಗೆಣ್ಣು ಮಡಚಿದಷ್ಟೂ ಚಾಚುವ ಬಲ ನಡುಗೆಣ್ಣಿಗೆ ಹೆಚ್ಚು ಸಿಗುತ್ತದೆ, ಹೊಲಿದ ಟೆಂಡನ್ ಮೇಲಿನ ಎಳೆತವೂ ಕಡಿಮೆ. ಆರನೇ ವಾರ ಹಗಲಿನ ಸ್ಪ್ಲಿಂಟ್ ತೆಗೆದು, ರಾತ್ರಿಗೆ ಬೆರಳನ್ನು ನೇರ ಹಿಡಿಯುವ ಚಿಕ್ಕ ಸ್ಪ್ಲಿಂಟ್ ಕೊಡಲಾಯಿತು. ಎಂಟನೇ ವಾರದಿಂದ ಮೆದು ಚೆಂಡು ಹಿಂಡುವುದು, ಹನ್ನೆರಡನೇ ವಾರದಿಂದ ಭಾರದ ಕೆಲಸ.

ಫಲಿತಾಂಶ

ಅಳತೆಗೆ ಸ್ಟ್ರಿಕ್‌ಲ್ಯಾಂಡ್ ಸೂತ್ರ: ನಡುಗೆಣ್ಣು ಮತ್ತು ತುದಿಗೆಣ್ಣುಗಳ ಸ್ವಂತ ಮಡಚುವಿಕೆ ಕೂಡಿಸಿ, ಚಾಚುವ ಕೊರತೆ ಕಳೆದು, 175ರಿಂದ ಭಾಗಿಸಿ ಶೇಕಡಾವಾರು ಹೇಳುವುದು. 85 ಮತ್ತು ಮೇಲೆ ಅತ್ಯುತ್ತಮ, 70ರಿಂದ 84 ಉತ್ತಮ, 50ರಿಂದ 69 ಸಾಧಾರಣ. ಹನ್ನೆರಡನೇ ವಾರದಲ್ಲಿ ನಡುಗೆಣ್ಣು 95, ತುದಿಗೆಣ್ಣು 45, ಕೊರತೆ 10 ಡಿಗ್ರಿ: 130, ಅಂದರೆ ಶೇಕಡಾ 74. ಆರು ತಿಂಗಳಲ್ಲಿ 98, 52, ಕೊರತೆ 5: 145, ಅಂದರೆ ಶೇಕಡಾ 83.

ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಬೆರಳನ್ನು ತಟ್ಟಿದಾಗ ಜುಮ್ಮೆನ್ನುವ ಜಾಗ ವಾರವಾರಕ್ಕೆ ಮುಂದೆ ಸರಿಯುವುದನ್ನು ಗುರುತು ಹಾಕಿಕೊಳ್ಳಲಾಗಿತ್ತು. ಅದು ತುದಿ ತಲುಪಿದ್ದು ಮೂರನೇ ತಿಂಗಳಲ್ಲಿ. ಎರಡು ಮೊನೆಗಳ ಅಂತರ ಆರು ತಿಂಗಳಲ್ಲಿ 10 ಮಿ.ಮೀ., ಒಂದು ವರ್ಷಕ್ಕೆ 7 ಮಿ.ಮೀ. ಚಳಿಗೆ ಬೆರಳು ನೋಯುವುದು ಉಳಿದಿತ್ತು. ಬೆರಳ ನರ ತುಂಡಾದವರಲ್ಲಿ ಇದು ಸಾಮಾನ್ಯ, ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ.

ತುದಿಗೆಣ್ಣು ಪೂರ್ತಿ ಮಡಚದ ಕಾರಣ ಅಂಟು ಬಿಡಿಸುವ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆ ಆರನೇ ತಿಂಗಳಲ್ಲಿ ಬಂತು. ಇದಕ್ಕೆ ಅಳತೆ ಸರಳ. ಪರೀಕ್ಷಕರು ತಮ್ಮ ಕೈಯಿಂದ ಮಡಚಿದಾಗ ಬೆರಳು ಬಹಳಷ್ಟು ಮಡಚಿ, ರೋಗಿ ತಾನಾಗಿ ಮಡಚಿದಾಗ ಬಹಳ ಕಡಿಮೆ ಮಡಚಿದರೆ ಟೆಂಡನ್ ಅಂಟಿದೆ, ಬಿಡಿಸಿದರೆ ಲಾಭ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ತೊಡಕಿರುವುದು ಗೆಣ್ಣಿನಲ್ಲಿ, ಟೆಂಡನ್‌ನಲ್ಲಿ ಅಲ್ಲ. ಇಲ್ಲಿ ತುದಿಗೆಣ್ಣನ್ನು ಕೈಯಿಂದ ಮಡಚಿದಾಗ ಬಂದದ್ದು 57 ಡಿಗ್ರಿ, ತಾನಾಗಿ 52. ಐದು ಡಿಗ್ರಿಯ ವ್ಯತ್ಯಾಸಕ್ಕೆ ಒರೆಯನ್ನು ಮತ್ತೆ ತೆರೆಯಲಿಲ್ಲ. ರಾತ್ರಿಯ ಸ್ಪ್ಲಿಂಟನ್ನು ಇನ್ನೂ ಎರಡು ತಿಂಗಳು ಮುಂದುವರಿಸಲಾಯಿತು.